ಮನೆಗೆಲಸದ ಕೂಲಿ ಯಾವ ಲೆಕ್ಕಕ್ಕೆ?

ಬೆಂಬಲ ಬೆಲೆಯ ಪ್ರಸ್ತಾಪ ಬಂದಾಗಲೆಲ್ಲ ನಾವು ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಬೀಜ, ಗೊಬ್ಬರ, ಆಳಿನ ಕೂಲಿ ಇಷ್ಟನ್ನೇ ಖರ್ಚೆಂದು ಬರೆದರೆ ಸಾಲದು, ಮನೆಮಂದಿಯೆಲ್ಲ ಹೊಲದಲ್ಲಿ ಸುರಿಸಿದ ಬೆವರಿಗೂ ಬೆಲೆ ಕಟ್ಟಬೇಕು ಎಂದು. ಸರ್ಕಾರವೂ ಇದನ್ನು ಒಪ್ಪಿದೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ರೈತನ ಕೈಯಿಂದ ಹೋದ ಖರ್ಚಿಗೆ ಮನೆಯವರ ಸಂಬಳವಿಲ್ಲದ ದುಡಿಮೆಯ ಬೆಲೆಯನ್ನೂ ಕೂಡಿಸುತ್ತದೆ. 2018-19ರ ಮುಂಗಡ ಪತ್ರದಲ್ಲಿ ಘೋಷಿಸಿದ ‘ವೆಚ್ಚದ ಒಂದೂವರೆ ಪಟ್ಟು’ ಬೆಲೆಗೆ ಆಧಾರ ಈ ಲೆಕ್ಕವೇ. ಅದು ಸಾಲದೆಂಬ ನಮ್ಮ ತಕರಾರು ಇದ್ದೇ ಇದೆ, ಅದು ಬೇರೆ ಮಾತು.

ಆದರೆ ಆ ಲೆಕ್ಕ ಹೊಲದ ಬದುವಿಗೆ ಬಂದು ನಿಂತುಬಿಡುತ್ತದೆ. ಹೆಂಗಸು ಕಳೆ ಕಿತ್ತ ದಿನ ಲೆಕ್ಕಕ್ಕೆ ಸೇರುತ್ತದೆ. ಅದೇ ಹೆಂಗಸು ಕೋಳಿ ಕೂಗುವ ಮುಂಚೆ ಎದ್ದು ನೀರು ತಂದು, ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿದ್ದು ಯಾವ ಪುಸ್ತಕದಲ್ಲೂ ಇಲ್ಲ.

ಇದು ಎಷ್ಟು ಹೊತ್ತಿನ ಕೆಲಸ? ರಾಷ್ಟ್ರೀಯ ಅಂಕಿ ಅಂಶ ಕಚೇರಿ 2024ರಲ್ಲಿ ನಡೆಸಿದ ಸಮೀಕ್ಷೆಯಂತೆ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಮನೆಗೆಲಸಕ್ಕೆ ಕೈಹಚ್ಚುವ ಗಂಡಸರ ಹೊತ್ತು 88 ನಿಮಿಷ. ಪೆನ್ಸಿಲು ಹಿಡಿದು ನೀವೇ ಗುಣಿಸಿ ನೋಡಿ. ಎಂಟು ಗಂಟೆಯ ಹೆಣ್ಣಾಳಿನ ಕೂಲಿ 300 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಊರಿನಲ್ಲಿ ಹೆಚ್ಚು ಕಡಿಮೆ ಇದ್ದರೆ ಆ ಅಂಕಿಯನ್ನೇ ಹಾಕಿಕೊಳ್ಳಿ. ದಿನಕ್ಕೆ ಸುಮಾರು 180 ರೂಪಾಯಿ, ವರ್ಷಕ್ಕೆ 65 ಸಾವಿರದ ಮೇಲೆ, ಇಪ್ಪತ್ತು ವರ್ಷದ ಸಂಸಾರಕ್ಕೆ 13 ಲಕ್ಷ. ಎಮ್ಮೆ ಹಿಂಡಿದ್ದು, ಸಗಣಿ ಬಾಚಿದ್ದು ಇದರಲ್ಲಿ ಸೇರಿಲ್ಲ.

‘ಅವಳೂ ಉಂಡಿಲ್ಲವೇ, ಉಟ್ಟಿಲ್ಲವೇ?’ ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳಬಹುದು. ಹೊಲದಲ್ಲಿ ದುಡಿದ ನಾವೂ ಉಂಡಿದ್ದೇವೆ. ಹಾಗೆಂದು ಬೆಂಬಲ ಬೆಲೆಯ ಲೆಕ್ಕದಲ್ಲಿ ನಮ್ಮ ಕೂಲಿಯನ್ನು ಬಿಟ್ಟುಕೊಟ್ಟಿದ್ದೇವೆಯೇ?

ನ್ಯಾಯಾಲಯಗಳು ಈ ದುಡಿಮೆಗೆ ಬೆಲೆ ಕಟ್ಟಿಲ್ಲವೆಂದಲ್ಲ. 1989ರಲ್ಲಿ ಜಮ್ಷೆಡ್‌ಪುರದ ಬೆಂಕಿ ಅನಾಹುತದಲ್ಲಿ ಸತ್ತವರ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಬೆಲೆ ಕಟ್ಟಿತು. 2021ರ ಜನವರಿಯಲ್ಲಿ ಒಂದು ವಾಹನ ಅಪಘಾತದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು, ಗೃಹಿಣಿಗೆ ಸಂಬಳವಿಲ್ಲದಿದ್ದರೂ ಅವಳ ದುಡಿಮೆಗೆ ಆದಾಯವೆಂದು ಒಂದು ಮೊತ್ತ ನಿಗದಿ ಮಾಡಲೇಬೇಕೆಂದು ಬರೆದರು. ಎಂದರೆ ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತವಳ ಮನೆಗೆಲಸಕ್ಕೆ ಬೆಲೆಯುಂಟು. ಬದುಕಿದ್ದು ಗಂಡನಿಂದ ಬೇರೆಯಾಗುವವಳ ಕತೆ ಏನು?

ಒಂದು ಮನೆಯನ್ನು ಊಹಿಸಿಕೊಳ್ಳಿ. ಮದುವೆಯಾದಾಗ ಎರಡೆಕರೆ ಖುಷ್ಕಿ. ಹೆಂಡತಿಯ ಒಡವೆ ಒತ್ತೆಯಿಟ್ಟು ಕೊಳವೆ ಬಾವಿ ಕೊರೆಸಿದರು. ಡೇರಿಗೆ ಹಾಕಿದ ಹಾಲಿನ ಹಣದಲ್ಲಿ ಸಾಲ ತೀರಿತು, ಪಕ್ಕದ ಒಂದೆಕರೆಯೂ ಕೈಸೇರಿತು. ಪಹಣಿಯಲ್ಲಿ ಹೆಸರು ಗಂಡನೊಬ್ಬನದೇ. ಇಪ್ಪತ್ತು ವರ್ಷದ ಮೇಲೆ ಮನಸ್ಸು ಮುರಿದು ವಿಚ್ಛೇದನವಾದರೆ ಆ ಹೆಂಗಸು ಒಂದು ಟ್ರಂಕು ಹಿಡಿದು ಅಣ್ಣನ ಮನೆಯ ಬಾಗಿಲಿಗೆ ಹೋಗಬೇಕು. ಸಂಸಾರ ನಡೆಯುವಾಗ ಬೆಳೆದ ಆಸ್ತಿಯನ್ನು ಬೇರೆಯಾಗುವಾಗ ಇಬ್ಬರಿಗೂ ಹಂಚಬೇಕೆಂಬ ಕಾನೂನು ನಮ್ಮಲ್ಲಿ ಇಲ್ಲ. ಮಗ್ಗುಲಿನ ಗೋವೆಯಲ್ಲಿ ಇದೆ. ಪೋರ್ಚುಗೀಸರ ಕಾಲದ ಸಿವಿಲ್ ಕಾನೂನಿನಂತೆ, ಮದುವೆಗೆ ಮುಂಚೆ ಬೇರೆ ಕರಾರು ಆಗಿರದಿದ್ದರೆ, ಅಲ್ಲಿ ಗಂಡ ಹೆಂಡಿರ ಆಸ್ತಿ ಇಬ್ಬರದೂ ಹೌದು.

2023ರ ಜೂನ್‌ನಲ್ಲಿ ಮದರಾಸು ಹೈಕೋರ್ಟು ಒಂದು ಆಸ್ತಿ ವ್ಯಾಜ್ಯದಲ್ಲಿ, ಗಂಡ ಪರದೇಶದಲ್ಲಿ ದುಡಿಯುತ್ತಿದ್ದಾಗ ಮನೆ ನಡೆಸಿದ ಹೆಂಡತಿಗೆ ಆ ಗಳಿಕೆಯಿಂದ ಕೊಂಡ ಆಸ್ತಿಯಲ್ಲಿ ಸಮಪಾಲುಂಟು ಎಂದು ತೀರ್ಪು ಕೊಟ್ಟಿತು. ಇದನ್ನು ನಮ್ಮ ವಕೀಲರು ಎತ್ತಿ ತೋರಿಸಬಹುದು. ಆದರೆ ನಮ್ಮ ನ್ಯಾಯಾಲಯಗಳು ಅದರಂತೆ ನಡೆಯಲೇಬೇಕೆಂದಿಲ್ಲ.

ಉಳಿಯುವುದು ಜೀವನಾಂಶ. ಇಲ್ಲಿ ನಮ್ಮವರ ಹಳೆಯ ಉಪಾಯ ಎಲ್ಲರಿಗೂ ಗೊತ್ತು. ‘ಮಳೆ ಕೈಕೊಟ್ಟಿತು, ಸಾಲವೇ ಮೈತುಂಬ ಇದೆ’ ಎಂದು ಕೈಯೆತ್ತುವುದು. ಸುಪ್ರೀಂ ಕೋರ್ಟು 2020ರ ನವೆಂಬರ್‌ನಲ್ಲಿ ಇದಕ್ಕೆ ಕಡಿವಾಣ ಹಾಕಿತು. ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು ಹೇಳಿ, ಬೇಸಾಯಗಾರರಿಗೆಂದೇ ಒಂದು ನಮೂನೆಯನ್ನು ಕೊಟ್ಟಿತು. ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಯಾವ ಬೆಳೆ, ಹಿಂದಿನ ಮೂರು ವರ್ಷದ ಉತ್ಪತ್ತಿ ಏನು, ಎಮ್ಮೆ, ಹಸು, ಆಡು, ಕೋಳಿ ಎಷ್ಟು, ಜಮೀನಿನ ಮೇಲೆ ಸಾಲವೆಷ್ಟು ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ಆ ತೀರ್ಪು ಹೇಳಿದೆ. ಹಿಂದೂ ವಿವಾಹ ಕಾಯಿದೆಯ 25ನೇ ಕಲಮಿನ ಶಾಶ್ವತ ಜೀವನಾಂಶಕ್ಕೆ ಅಗತ್ಯಬಿದ್ದರೆ ಗಂಡನ ಸ್ಥಿರಾಸ್ತಿಯನ್ನೇ ಹೊಣೆ ಮಾಡಬಹುದು. ಒಡವೆ ಸ್ತ್ರೀಧನ. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದೆಂದು ಸುಪ್ರೀಂ ಕೋರ್ಟು 2024ರಲ್ಲಿ ಮತ್ತೊಮ್ಮೆ ಹೇಳಿದೆ.

ಕೋರ್ಟು ಕಚೇರಿಯ ತನಕ ಯಾಕೆ ಹೋಗಬೇಕು ಎನ್ನುವವರಿಗೆ ದಾರಿಯಿದೆ. ಇನ್ನು ಮುಂದೆ ಒಂದು ಗುಂಟೆ ಕೊಂಡರೂ ಕ್ರಯಪತ್ರವನ್ನು ಇಬ್ಬರ ಹೆಸರಿನಲ್ಲೂ ಬರೆಸಿ, ಖಾತೆಯನ್ನು ಜಂಟಿ ಮಾಡಿಸಿ. ಹಾಲು ಕರೆಯುವವಳ ಹೆಸರಿನಲ್ಲೇ ಡೇರಿಯ ಸದಸ್ಯತ್ವವಿರಲಿ, ಹಣ ಅವಳ ಬ್ಯಾಂಕು ಖಾತೆಗೇ ಬೀಳಲಿ. ಒಡವೆ ಒತ್ತೆಯಿಟ್ಟ ಚೀಟಿಯನ್ನು ಬಿಡಿಸಿಕೊಂಡ ಮೇಲೂ ಎಸೆಯಬೇಡಿ.

ಈಗಾಗಲೇ ಬೇರೆಯಾದ ಅಕ್ಕತಂಗಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಗಂಡನ ಜಮೀನಿನ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಒಡವೆಯ ಚೀಟಿ ಇವುಗಳ ಜೊತೆಗೆ ಡೇರಿಯ ಹಾಲಿನ ಪುಸ್ತಕವಿದ್ದರೆ ಅದನ್ನೂ ಮರೆಯದೆ ಒಯ್ಯಿರಿ.