ಏರಿ ಇಳಿಯುವ ಒಂದು ಸಂಖ್ಯೆ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವವನು ತಾನು ಹಾದುಬಂದ ಊರುಗಳನ್ನು ಕ್ರಮವಾಗಿ ಬರೆದಿಟ್ಟರೆ, ಆ ಪಟ್ಟಿಯನ್ನು ಯಾವ ತುದಿಯಿಂದ ಓದಿದರೂ ಒಂದೇ. ಅಂಥದೇ ಒಂದು ಸಂಖ್ಯೆ 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಗಿಲು.

ರಾಷ್ಟ್ರಕೂಟ ನೃಪತುಂಗನ ಕಾಲದ, ಎಂದರೆ 9ನೆಯ ಶತಮಾನದ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸಿ ಇದನ್ನು ಪಡೆಯುವ ಲೆಕ್ಕವನ್ನು ಕೊಟ್ಟಿದ್ದಾನೆ. ಕನ್ನಡದ ಉಪಾಧ್ಯಾಯನಾದ ನನಗೆ ಇದು ಬಹುಕಾಲ ಮಂತ್ರದಂತೆಯೇ ತೋರಿತ್ತು. ಮಂತ್ರವಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗವೇ ಆಯಿತು.

ಈಗ ಶಾಲೆಯ ಹಲಗೆಯ ಮೇಲೆ ಮಾಡುತ್ತಿದ್ದಂತೆ 111111ನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲುಗಳು, ಒಂದೊಂದೂ ಒಂದು ಸ್ಥಾನ ಎಡಕ್ಕೆ ಸರಿದವು. ಕೂಡುವಾಗ ಬಲತುದಿಯಲ್ಲಿ ಒಂದು, ಮುಂದಿನ ಸ್ಥಾನದಲ್ಲಿ ಎರಡು, ನಟ್ಟನಡುವೆ ಆರು, ಮತ್ತೆ ಇಳಿಯುತ್ತ ಒಂದು. ಕೈಯಲ್ಲಿ ಉಳಿಯುವ ದಶಕವೇ ಇಲ್ಲ. ಈ ಸೊಗಸು ನಾವು ಹತ್ತರ ಮಾನದಲ್ಲಿ ಬರೆಯುವುದರಿಂದ ಬಂದದ್ದು. ಹನ್ನೆರಡರ ಮಾನದಲ್ಲಿ ಬರೆದರೆ ಮೊದಲ ಅಂಕಿ 2, ಕೊನೆಯದು 9. ವರ್ಗವೆಂಬ ಗುಣವಾದರೋ ಎಲ್ಲಿ ಬರೆದರೂ ಅಳಿಯದು.

ಒಂದುಗಳು ಒಂಬತ್ತಾಗುವವರೆಗೂ ಹಾರ ಹೀಗೆಯೇ ಬೆಳೆಯುತ್ತದೆ. ಹತ್ತಾದೊಡನೆ ನಡುವಿನ ಸ್ಥಾನದಲ್ಲಿ ಹತ್ತು ಕೂಡಿ, ದಶಕ ಎಡಕ್ಕೆ ಹೊರಳಿ, ಉತ್ತರ 1234567900987654321 ಆಗುತ್ತದೆ. ಏರುವ ದಾರಿಯಲ್ಲಿ ಎಂಟು ಕಾಣೆ; ನಡುವೆ ಎರಡು ಸೊನ್ನೆ.