ಬಳಸದ ಕ್ರೆಡಿಟ್ ಕಾರ್ಡು: ಇರಲೋ, ಮುಚ್ಚಿಸಲೋ?

ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಯಾಚೆಯ ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆಗಳ ಕಡೆ ಹೋದರೆ ಒಂದು ಬದಿಗೆ ರಾಗಿ ಹೊಲ, ಹಸುವಿನ ಕೊಟ್ಟಿಗೆ. ಇನ್ನೊಂದು ಬದಿಗೆ ನಾಡಪ್ರಭು ಕೆಂಪೇಗೌಡ ಬಡಾವಣೆಯ ನಿವೇಶನಗಳು. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬಂದಿತು. ರೈತರ ಮಕ್ಕಳು ರಾಜಾಜಿನಗರ, ವಿಜಯನಗರಗಳಲ್ಲಿ ನೌಕರಿ ಹಿಡಿದರು. ನೌಕರಿಯ ಹಿಂದೆಯೇ ಕ್ರೆಡಿಟ್ ಕಾರ್ಡೂ ಮನೆಗೆ ಬಂದಿತು.

ಪಹಣಿ, ಕಂದಾಯದ ರಸೀದಿಗಳಿರುವ ಟ್ರಂಕಿನಲ್ಲಿ ಈಗ ಇಂಥ ಎರಡು ಮೂರು ಕಾರ್ಡುಗಳೂ ಇರುತ್ತವೆ. ‘ಬಳಸುತ್ತಿಲ್ಲವಲ್ಲ, ಬಿದ್ದಿರಲಿ ಬಿಡಿ’ ಎನ್ನುವವರೇ ಹೆಚ್ಚು. ಆದರೆ ಬಿತ್ತದೆ ಬಿಟ್ಟ ಹೊಲದಲ್ಲಿಯೂ ಕಳೆ ಬೆಳೆಯುತ್ತದೆ.

ಕಳೆ ಬೆಳೆಯುವ ಬಗೆ

ಹಲವು ಕಾರ್ಡುಗಳಿಗೆ ವಾರ್ಷಿಕ ಶುಲ್ಕವಿದೆ. ಮೊದಲ ವರ್ಷ ಪುಕ್ಕಟೆ ಎಂದು ಕೊಟ್ಟ ಕಾರ್ಡಿಗೆ ಎರಡನೆಯ ವರ್ಷ ಶುಲ್ಕ ಬೀಳಬಹುದು. ಅದನ್ನು ಗಮನಿಸದೆ ಹೋದರೆ ತಡವಾದುದಕ್ಕೆ ದಂಡವೂ ಬೀಳಬಹುದು. ಕಾರ್ಡಿನಿಂದ ಮಾಡಿದ ಖರ್ಚಿನ ಬಾಕಿ ಉಳಿದಿದ್ದರೆ ಅದರ ಬಡ್ಡಿ ತಿಂಗಳಿಗೆ ಶೇ 3ನ್ನೂ ಮೀರುವುದುಂಟು. ಅಂದರೆ ವರ್ಷಕ್ಕೆ ಶೇ 36ಕ್ಕಿಂತ ಹೆಚ್ಚು. ಮೊಬೈಲ್ ನಂಬರು ಬದಲಾಗಿದ್ದರೆ ಬ್ಯಾಂಕಿನ ಸಂದೇಶವೂ ತಲುಪುವುದಿಲ್ಲ. ಮುಂದೊಂದು ದಿನ ಹಸು ಕೊಳ್ಳಲೆಂದೋ ಮನೆ ಕಟ್ಟಲೆಂದೋ ಸಾಲ ಕೇಳಲು ಹೋದಾಗ ಆ ಸಣ್ಣ ಬಾಕಿಯೇ ದೊಡ್ಡ ಅಡ್ಡಿಯಾಗುತ್ತದೆ. ಏಕೆಂದರೆ ಸಿಬಿಲ್ ಮುಂತಾದ ನಾಲ್ಕು ಸಂಸ್ಥೆಗಳಲ್ಲಿ ನಮ್ಮ ಸಾಲದ ಚರಿತ್ರೆ ದಾಖಲಾಗಿರುತ್ತದೆ. ಸಿಬಿಲ್ ಅಂಕ 300ರಿಂದ 900ರವರೆಗೆ.

ಎಲ್ಲವನ್ನೂ ಮುಚ್ಚಿಸಬೇಕೆ?

ಬೇಡ. ಒಂದು ಲೆಕ್ಕ ನೋಡೋಣ. ಒಬ್ಬರ ಬಳಿ ಎರಡು ಕಾರ್ಡು. ಬಳಸದ ಕಾರ್ಡಿನ ಮಿತಿ 1 ಲಕ್ಷ ರೂ., ಬಳಸುವುದರ ಮಿತಿ 50 ಸಾವಿರ. ಬಾಕಿ 20 ಸಾವಿರ. ಎರಡೂ ಇದ್ದಾಗ ಒಟ್ಟು ಮಿತಿಯ ಸುಮಾರು ಶೇ 13ರಷ್ಟು ಮಾತ್ರ ಬಳಕೆಯಾದಂತೆ. ಬಳಸದ ಕಾರ್ಡನ್ನು ಮುಚ್ಚಿಸಿದರೆ ಅದೇ ಬಾಕಿ ಶೇ 40 ಆಗಿ ಕಾಣುತ್ತದೆ. ಸಾಲ ಒಂದು ರೂಪಾಯಿಯೂ ಹೆಚ್ಚದಿದ್ದರೂ ಅಂಕ ಇಳಿಯಬಹುದು.

ಆದುದರಿಂದ ಶುಲ್ಕವಿಲ್ಲದ ಹಳೆಯ ಕಾರ್ಡೊಂದನ್ನು ಉಳಿಸಿಕೊಂಡು, ಆಗಾಗ ಸಣ್ಣ ಖರ್ಚಿಗೆ ಬಳಸಿ, ಗಡುವಿನೊಳಗೆ ಪೂರ್ತಿ ಕಟ್ಟುವುದು ಲೇಸು. ಶುಲ್ಕ ಬೀಳುವ, ಬೇಡದ ಕಾರ್ಡನ್ನು ಮುಚ್ಚಿಸಬಹುದು. ದೊಡ್ಡ ಸಾಲಕ್ಕೆ ಅರ್ಜಿ ಹಾಕುವವರಿದ್ದರೆ, ಆ ಸಾಲ ಕೈಸೇರಿದ ಮೇಲೆ ಮುಚ್ಚಿಸುವುದು ಒಳಿತು. ಕೈಯಲ್ಲಿ ಕಾರ್ಡಿದ್ದರೆ ಖರ್ಚು ತಡೆಯಲಾಗದು ಎನ್ನುವವರು ಮಾತ್ರ ಅಂಕದ ಚಿಂತೆ ಬಿಟ್ಟು ಮುಚ್ಚಿಸಿಬಿಡಲಿ.

ಮುಚ್ಚಿಸುವ ಕ್ರಮ

ಕಾರ್ಡನ್ನು ಕತ್ತರಿಸಿ ಎಸೆದರೆ ಖಾತೆ ಮುಚ್ಚಿದಂತಾಗುವುದಿಲ್ಲ. ಮೊದಲು ಬಾಕಿಯೆಲ್ಲವನ್ನೂ ತೀರಿಸಬೇಕು. ಕರೆಂಟ್ ಬಿಲ್ಲು, ವಿಮೆಯ ಕಂತು ಅದರಿಂದ ತಾನಾಗಿ ಹೋಗುತ್ತಿದ್ದರೆ ಬೇರೆ ಖಾತೆಗೆ ಬದಲಿಸಬೇಕು. ನಂತರ ಬ್ಯಾಂಕಿಗೆ ಬರಹದಲ್ಲಿ ಕೋರಿಕೆ ಸಲ್ಲಿಸಬೇಕು. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚತಕ್ಕದ್ದು. ತಡವಾದರೆ ದಿನಕ್ಕೆ 500 ರೂ. ಗ್ರಾಹಕನಿಗೆ ಸಲ್ಲತಕ್ಕದ್ದು. ಒಂದು ವರ್ಷಕ್ಕೂ ಮೀರಿ ಬಳಸದ ಕಾರ್ಡಿನ ಬಗ್ಗೆ ಬ್ಯಾಂಕೇ ತಿಳಿವಳಿಕೆ ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಾಕಿ ಇಲ್ಲದ ಖಾತೆಯನ್ನು ಮುಚ್ಚಬೇಕೆಂದೂ ಅದರಲ್ಲಿದೆ. ಹಳೆಯ ಕಾರ್ಡು ಉಳಿಯಬೇಕೆನ್ನುವವರು ಇದನ್ನು ಮರೆಯಬಾರದು.

ಮುಚ್ಚಿದ ಪತ್ರವನ್ನು ಜೋಪಾನವಾಗಿಡಿ. ಒಂದೆರಡು ತಿಂಗಳು ಬಿಟ್ಟು ಸಾಲದ ವರದಿ ತರಿಸಿ ನೋಡಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ಕಿಸಾನ್ ಕಾರ್ಡಿನ ಮಾತೇ ಬೇರೆ

1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡನ್ನು ಇವುಗಳ ಜೊತೆ ಸೇರಿಸಬಾರದು. ಅದರ ಬೆಳೆ ಸಾಲಕ್ಕೆ ಶೇ 7 ಬಡ್ಡಿ. ಸಕಾಲಕ್ಕೆ ಕಟ್ಟಿದವರಿಗೆ ಶೇ 3 ರಿಯಾಯಿತಿ ದೊರೆತು ಶೇ 4 ಆಗುತ್ತದೆ. 2019ರಿಂದ ಹೈನುಗಾರರಿಗೂ ಮೀನು ಸಾಕುವವರಿಗೂ ಈ ಸೌಲಭ್ಯವಿದೆ. ಉಳುಮೆ ಮುಂದುವರಿಸಿದವರು, ಈ ವರ್ಷ ಹಣ ತೆಗೆದಿಲ್ಲವೆಂದು ಅದನ್ನು ಬಿಡಬಾರದು. ಮಳೆ ಕೈಕೊಟ್ಟ ವರ್ಷ ಬೀಜ ಗೊಬ್ಬರಕ್ಕೆ ಕೈಸಾಲ ಹುಡುಕುವ ಗೋಳು ಇದರಿಂದ ತಪ್ಪುತ್ತದೆ.

ಆದರೆ ಜಮೀನು ಬಡಾವಣೆಗೆ ಹೋಗಿ ಬೇಸಾಯವೇ ನಿಂತಿದ್ದರೆ, ಅಥವಾ ಜಮೀನು ಮಾರುವ, ಭಾಗ ಮಾಡಿಕೊಳ್ಳುವ ಯೋಚನೆಯಿದ್ದರೆ, ಪಹಣಿಯ 11ನೇ ಕಾಲಂ ನೋಡಿಕೊಳ್ಳಿ. ಸಾಲ ತೀರಿದ್ದರೂ ಬ್ಯಾಂಕಿನ ಋಣ ಅಲ್ಲಿ ಉಳಿದಿರಬಹುದು. ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು ಅದನ್ನು ತೆಗೆಸಿದಾಗಲೇ ಲೆಕ್ಕ ಚುಕ್ತಾ. ತಂದೆ ತೀರಿಸಿದ ಸಾಲದ ಹೆಸರಿನಲ್ಲಿ ಮಕ್ಕಳು ಕಚೇರಿ ಅಲೆಯುವಂತಾಗಬಾರದು.

ಈ ವಾರ ಬಿಡುವು ಮಾಡಿಕೊಂಡು ಟ್ರಂಕು ತೆರೆಯಿರಿ. ಪ್ರತಿ ಕಾರ್ಡಿನ ಶುಲ್ಕವೆಷ್ಟು, ಬಾಕಿಯೆಷ್ಟು, ಯಾವ ಮೊಬೈಲ್ ನಂಬರಿಗೆ ಸಂದೇಶ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವುದನ್ನು ಇಡಬೇಕು, ಯಾವುದನ್ನು ಕೀಳಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ.