ಪರೀಕ್ಷೆ ಏನನ್ನು ಅಳೆಯುತ್ತದೆ?

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ತೆಳುವಾದ ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ ಅಳೆಯುವುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿ. ತಂತಿಯನ್ನು ಇಡುವುದಕ್ಕೆ ಮೊದಲು ಉಪಕರಣದ ಎರಡು ಮುಖಗಳನ್ನು ಕೂಡಿಸಿ ನೋಡಬೇಕು. ಆಗ ಅದು ಸೊನ್ನೆಯನ್ನು ತೋರಿಸದೆ 0.03 ಮಿಲಿಮೀಟರ್ ಎಂದು ತೋರಿಸಿದರೆ, ಮುಂದಿನ ಪ್ರತಿಯೊಂದು ಅಳತೆಯಿಂದಲೂ ಅಷ್ಟನ್ನು ಕಳೆಯಬೇಕು. ಇದಕ್ಕೆ ಶೂನ್ಯದೋಷದ ತಿದ್ದುಪಡಿ ಎಂದು ಹೆಸರು. ಹೀಗೆ ತಿದ್ದಿದವನು ತಂತಿಗೆ ದಯೆ ತೋರಿದನೆಂದು ಯಾರೂ ಹೇಳುವುದಿಲ್ಲ. ಅದರ ನಿಜವಾದ ವ್ಯಾಸವನ್ನು ಕಂಡುಕೊಂಡನೆಂದೇ ಹೇಳುತ್ತಾರೆ.

ವಿಶ್ವವಿದ್ಯಾಲಯದ ಪರೀಕ್ಷೆಯೂ ಒಂದು ಅಳತೆಯ ಸಾಧನವೇ. ಅದು ಅಳೆಯಬೇಕಾದುದು ವಿದ್ಯಾರ್ಥಿಯ ವಿಷಯಜ್ಞಾನವನ್ನು. ಆದರೆ ಮೂರು ಗಂಟೆಗಳ ಲಿಖಿತ ಪರೀಕ್ಷೆಯು ಕಣ್ಣಿನ ದೃಷ್ಟಿ, ಬೆರಳುಗಳ ವೇಗ, ಮಹಡಿಯ ಕೊಠಡಿಗೆ ಏರಬಲ್ಲ ಕಾಲುಗಳ ಬಲ ಇವನ್ನೂ ಸದ್ದಿಲ್ಲದೆ ಅಳೆದು, ಎಲ್ಲವನ್ನೂ ಒಂದೇ ಅಂಕಿಯಲ್ಲಿ ಬೆರೆಸಿಬಿಡುತ್ತದೆ. ವಿಕಲಚೇತನ ವಿದ್ಯಾರ್ಥಿಗಳಿಗೆ ಕೊಡುವ ಅನುಕೂಲಗಳು ಈ ಬೆರಕೆಯನ್ನು ಬೇರ್ಪಡಿಸುವ ತಿದ್ದುಪಡಿಗಳು. ಇವು ಹೇಗೆ ಕೆಲಸಮಾಡುತ್ತವೆಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಬಳಿಯ ಗಾಣಗಾಪುರ ದತ್ತಕ್ಷೇತ್ರವೆಂದು ಪ್ರಸಿದ್ಧವಾದುದು. ಅಲ್ಲಿಯ ಒಬ್ಬ ಅಂಧ ವಿದ್ಯಾರ್ಥಿನಿ ಭೌತವಿಜ್ಞಾನವನ್ನು ಓದಲು ಬಯಸಿದಳೆಂದು ಭಾವಿಸೋಣ. 1980ರಲ್ಲಿ ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ, 2009ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸ್ಥಾಪಿತವಾದುವು. ಎರಡನೆಯದರ ನೆಲೆ ನೆರೆಯ ಆಳಂದ ತಾಲ್ಲೂಕಿನ ಕಡಗಂಚಿ. ಆದುದರಿಂದ ಉನ್ನತ ವಿದ್ಯೆಗಾಗಿ ಅವಳು ಬಹುದೂರ ಹೋಗಬೇಕಾಗಿಲ್ಲ. 1995ರ ಕಾನೂನು ಶೇಕಡ 3ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಮೆಯಿಲ್ಲದಂತೆ ಮೀಸಲಿಟ್ಟಿತು. ಬಾಗಿಲೇನೋ ತೆರೆಯಿತು. ಒಳಗೆ ಬಂದ ಮೇಲೆ ಅವಳು ಓದುವುದು ಹೇಗೆ?

ಫ್ರಾನ್ಸಿನ ಲೂಯಿ ಬ್ರೈಲ್ 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆರು ಉಬ್ಬುಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಪ್ರತಿಯೊಂದು ಚುಕ್ಕೆಯೂ ಇರಬಹುದು ಅಥವಾ ಇಲ್ಲದಿರಬಹುದು; ಆದುದರಿಂದ ಎರಡನ್ನು ಆರು ಸಲ ಗುಣಿಸಿದರೆ 64 ವಿನ್ಯಾಸಗಳು, ಬರಿದಾದುದನ್ನು ಬಿಟ್ಟರೆ 63. 1951ರಲ್ಲಿ ನಿರ್ಧಾರವಾದ ಭಾರತಿ ಬ್ರೈಲ್ ಪದ್ಧತಿಯಲ್ಲಿ ಕನ್ನಡವನ್ನೂ ಬರೆಯುತ್ತಾರೆ. ಕಣ್ಣು ಒಂದೇ ನೋಟದಲ್ಲಿ ಹಲವು ಅಕ್ಷರಗಳನ್ನು ಹಿಡಿಯಬಲ್ಲದು. ಬೆರಳ ತುದಿಯಾದರೋ ಒಂದೊಂದೇ ಅಕ್ಷರವನ್ನು ತಡವಿ ಸಾಗಬೇಕು. ಎಷ್ಟೇ ಅಭ್ಯಾಸವಾದರೂ ಓದಿನ ವೇಗ ಮುದ್ರಿತ ಪುಟವನ್ನು ಓದುವವರಿಗಿಂತ ಸಾಮಾನ್ಯವಾಗಿ ಕಡಮೆಯೇ. ಇದು ಚರ್ಮದ ಸ್ಪರ್ಶಶಕ್ತಿಯ ಮಿತಿಯೇ ಹೊರತು ಬುದ್ಧಿಯ ಮಿತಿಯಲ್ಲ. ಕೇಂದ್ರ ಸರ್ಕಾರದ 2013ರ ಮತ್ತು 2018ರ ಮಾರ್ಗಸೂಚಿಗಳು ಗಂಟೆಗೆ 20 ನಿಮಿಷಗಳಿಗೆ ಕಡಮೆಯಿಲ್ಲದ ಹೆಚ್ಚುವರಿ ಕಾಲವನ್ನು ವಿಧಿಸಿದುದರ ಹಿಂದಿನ ತರ್ಕವೂ ಇಂತಹುದೇ: ಮೂರು ಗಂಟೆಗಳ ಪರೀಕ್ಷೆಗೆ ಒಟ್ಟು ನಾಲ್ಕು ಗಂಟೆ.

ಗಣಿತದಲ್ಲಿ ಇನ್ನೊಂದು ತೊಡಕುಂಟು. “ಹನ್ನೆರಡು ಭಾಗಿಸು ಎರಡು ಕೂಡಿಸು ನಾಲ್ಕು” ಎಂದು ಓದಿ ಹೇಳಿದರೆ ಉತ್ತರವೇನು? ಛೇದದಲ್ಲಿ ಎರಡು ಮಾತ್ರವಿದ್ದರೆ 10. ಎರಡೂ ನಾಲ್ಕೂ ಇದ್ದರೆ 2. ಕಾಗದದ ಮೇಲೆ ಗೆರೆಯ ಉದ್ದವನ್ನು ನೋಡಿದೊಡನೆ ಸಂಶಯ ತೀರುತ್ತದೆ. ಕಾಗದಕ್ಕೆ ಉದ್ದ ಅಗಲಗಳೆರಡೂ ಇವೆ. ಮಾತು ಕಾಲದಲ್ಲಿ ಒಂದೇ ಎಳೆಯಾಗಿ ಹರಿಯುತ್ತದೆ. ಭಿನ್ನರಾಶಿ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಬೇರೆ ಚಿಹ್ನೆಗಳಿಂದ ತಿಳಿಸಿದರೆ ತೊಡಕು ಬಿಡಿಸಿದಂತಾಯಿತು. 1952ರಲ್ಲಿ ಪ್ರಕಟವಾದ ನೆಮೆತ್ ಸಂಕೇತವು ಬ್ರೈಲಿನಲ್ಲಿ ಇದನ್ನೇ ಸಾಧಿಸಿತು. ಅದನ್ನು ರಚಿಸಿದ ಅಮೆರಿಕದ ಏಬ್ರಹಾಂ ನೆಮೆತ್ ಹುಟ್ಟುಕುರುಡರು. ಗಣಿತ ನಿನಗೆ ತಕ್ಕುದಲ್ಲವೆಂಬ ಹಿತವಚನವನ್ನು ಕೇಳಿ ಅವರು ಮೊದಲು ಮನಶ್ಶಾಸ್ತ್ರವನ್ನು ಓದಿದರು. ಕಡೆಗೆ ಡೆಟ್ರಾಯಿಟ್ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರೇ ಆದರು. ಅಂತಹ ಹಿತವಚನವನ್ನು ನಂಬಿ ವಿಜ್ಞಾನವನ್ನು ಬಿಟ್ಟವರ ಲೆಕ್ಕವನ್ನು ಯಾವ ಅಂಕಪಟ್ಟಿಯೂ ತೋರಿಸದು.

ಪ್ರಯೋಗಗಳ ಗತಿಯೇನು ಎಂದು ವಾಚಕರು ಕೇಳಬಹುದು. ಮೀಟರ್ ಸೇತುವೆಯಲ್ಲಿ ರೋಧವನ್ನು ಅಳೆಯುವಾಗ ನಾವು ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವುದನ್ನು ಕಣ್ಣಿನಿಂದ ನೋಡುತ್ತೇವೆ. ಬ್ಯಾಟರಿಯ ಬದಲು ಕಿವಿಗೆ ಕೇಳಿಸುವ ಆವೃತ್ತಿಯ ಪರ್ಯಾಯ ವಿದ್ಯುತ್ತನ್ನು ಹರಿಸಿ, ಮುಳ್ಳಿನ ಬದಲು ಟೆಲಿಫೋನಿನ ಶ್ರವಣಿಯನ್ನು ಜೋಡಿಸಿದರೆ, ಸಮತೋಲದ ಬಿಂದುವಿನಲ್ಲಿ ದನಿ ಅಡಗುತ್ತದೆ. ಅಂಧರಿಗಾಗಿ ಹೊಸದಾಗಿ ಹೂಡಿದ ಉಪಾಯವಲ್ಲ ಇದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ಕೋಲ್ರಾಷ್ ದ್ರಾವಣಗಳ ವಾಹಕತೆಯನ್ನು ಹೀಗೆ ಕಿವಿಗೊಟ್ಟು ಅಳೆದಿದ್ದನು. ತಂತಿಯ ಪಕ್ಕದ ಅಳತೆಪಟ್ಟಿಗೆ ಉಬ್ಬುಗೆರೆಗಳನ್ನು ಮಾಡಿದರೆ ನಮ್ಮ ವಿದ್ಯಾರ್ಥಿನಿ ಪ್ರಯೋಗವನ್ನು ತಾನೇ ಮುಗಿಸಬಲ್ಲಳು.

ನಡೆಯಲಾರದವರಿಗೆ ಬೇಕಾದುದು ಇನ್ನೂ ಹಳೆಯ ಯಂತ್ರ, ಇಳಿಜಾರು. 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲುಗಳಿಗೆ ಬದಲಾಗಿ, ಎತ್ತರದ ಹನ್ನೆರಡರಷ್ಟು ಉದ್ದದ ಇಳಿಜಾರು ಬೇಕೆಂದರೆ 5 ಮೀಟರ್ 40 ಸೆಂಟಿಮೀಟರ್ ಜಾಗ ಸಾಕು. ಗಾಲಿಕುರ್ಚಿಯೂ ಸೇರಿ 96 ಕಿಲೋಗ್ರಾಂ ತೂಕವಿದ್ದರೆ, ಘರ್ಷಣೆಯನ್ನು ಬಿಟ್ಟು, 8 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಅದನ್ನು ಮೇಲಕ್ಕೆ ತಳ್ಳಬಹುದು.

ಹೀಗೆ ಮಾಡಿದರೆ ಪರೀಕ್ಷೆಯ ಬಿಗಿ ಸಡಿಲವಾಗದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪ್ರಶ್ನೆಯನ್ನು ಸುಲಭಮಾಡಿದರೆ, ಅಥವಾ ಲಿಪಿಕಾರನು ತಾನೇ ಉತ್ತರವನ್ನು ಯೋಚಿಸಿ ಬರೆದರೆ, ಅಳತೆ ಕೆಡುವುದು ನಿಜ. ಆದುದರಿಂದಲೇ ಅಭ್ಯರ್ಥಿಯು ತಾನೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು 2018ರ ಮಾರ್ಗಸೂಚಿ ಹೇಳಿತು. ಅತ್ತ, ಅರ್ಹರನ್ನು ಹೊರಗಿಟ್ಟರೂ ಅಳತೆ ಅಷ್ಟೇ ಕೆಡುತ್ತದೆ. ಬರೆಯಹೊರಟರೆ ಕೈ ಸೆಡೆತುಕೊಳ್ಳುವ ಅಭ್ಯರ್ಥಿಯೊಬ್ಬರಿಗೆ ಲಿಪಿಕಾರನನ್ನು ನಿರಾಕರಿಸಿದ ವಿಕಾಸ್ ಕುಮಾರ್ ಮೊಕದ್ದಮೆಯಲ್ಲಿ, ಶೇಕಡ 40ರ ವೈಕಲ್ಯವಿದ್ದರೆ ಮಾತ್ರ ಲಿಪಿಕಾರ ಎಂಬ ಕಟ್ಟು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ತೀರ್ಪಿತ್ತಿತು.

ಕಾನೂನು ಮಾಡದ, ನಾವು ನೀವು ಮಾಡಬಹುದಾದ ಕೆಲಸವೂ ಬಹಳವಿದೆ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು ಕನ್ನಡವನ್ನೂ ಓದಬಲ್ಲದು. ಆದರೆ ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿ ನಮ್ಮ ಕಣ್ಣಿಗೆ ಅಂದವಾದ ಕನ್ನಡವಾಗಿ ಕಂಡರೂ, ಯಂತ್ರದ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟದ ಛಾಯಾಚಿತ್ರವಂತೂ ಅದಕ್ಕೆ ಬರಿಯ ಚಿತ್ರ. ಅದೇ ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿದರೆ ಕಾಸಿನ ಖರ್ಚಿಲ್ಲದೆ ಇಡೀ ಪಾಠ ಅಂಧ ಸಹಪಾಠಿಯ ಕೈಸೇರುತ್ತದೆ. ಅಧ್ಯಾಪಕರು ಕಪ್ಪು ಹಲಗೆಯತ್ತ ತಿರುಗಿ “ಇದನ್ನು ಇದರಿಂದ ಭಾಗಿಸಿ” ಎನ್ನುವ ಬದಲು, ಬರೆದುದನ್ನು ಹೆಸರಿಟ್ಟು ಹೇಳಿ, ಬಳಿಕ ತರಗತಿಗೆ ಎದುರಾಗಿ ನಿಂತು ವಿವರಿಸಿದರೆ, ಕಾಣದವರಿಗೂ ತುಟಿಯ ಚಲನೆಯನ್ನು ನೋಡಿ ಮಾತನ್ನು ಹಿಡಿಯುವ ಕಿವುಡರಿಗೂ ಅದರಿಂದ ಸಹಾಯ. ಹಿಂದಿನ ಬೆಂಚಿನಲ್ಲಿ ಕುಳಿತ ಉಳಿದವರಿಗೂ ಪಾಠ ಇನ್ನಷ್ಟು ಸ್ಪಷ್ಟವಾಗುವುದು. ಸಹಪಾಠಿಗೆ ಸಮೀಕರಣವನ್ನು ಓದಿ ಹೇಳುವ ಸಂದರ್ಭ ನಿಮಗೆ ಬಂದಾಗ, ಛೇದ ಎಲ್ಲಿ ಮುಗಿಯಿತೆಂಬುದನ್ನು ಮರೆಯದೆ ಹೇಳಿ.